ಏಳನೇ ಬೆಡ್‌ನ ನಾಡಿ

ರಾತ್ರಿ ಎಂಟು ಗಂಟೆ. ಸರ್ಜಿಕಲ್ ವಾರ್ಡಿನ ಬಾಗಿಲು ತಳ್ಳಿ ಒಳಗೆ ಕಾಲಿಡುತ್ತೀರಿ. ಫಿನಾಯಿಲು, ಸ್ಪಿರಿಟ್ಟು, ಯಾರದೋ ಟಿಫನ್ ಕ್ಯಾರಿಯರ್‌ನಿಂದ ಏಳುತ್ತಿರುವ ಬೆಳ್ಳುಳ್ಳಿ ಸಾರು, ಮೂರೂ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಜಿಲ್ಲಾ ಆಸ್ಪತ್ರೆಯ ಮೂವತ್ತು ಹಾಸಿಗೆಗಳ ವಾರ್ಡಿದು. ನಾಳೆ ಬೆಳಿಗ್ಗೆ ಎಂಟರವರೆಗೆ ಇಲ್ಲಿ ಸ್ಟಾಫ್ ನರ್ಸ್ ಅಂತ ಇರುವವರು ನೀವೊಬ್ಬರೇ. ಜೊತೆಗೊಬ್ಬ ಆಯಾ ಇದ್ದಾಳೆ. ಪಿನ್ನು ಸಿಕ್ಕಿಸಿ, ಕೈ ತೊಳೆದು, ಹಗಲು ಪಾಳಿಯ ಸಿಸ್ಟರ್ ಜೊತೆ ಒಂದೊಂದೇ ಹಾಸಿಗೆಯ ಮುಂದೆ ನಿಲ್ಲುತ್ತ ಹೋಗುತ್ತೀರಿ.

ಏಳನೇ ಬೆಡ್. ಅರಸೀಕೆರೆ ಕಡೆಯ ಹಳ್ಳಿಯ ಹೆಂಗಸು, ನಲವತ್ತೆಂಟು ವರ್ಷ, ಕೊಬ್ಬರಿ ಸುಲಿಯುವ ಕೆಲಸ. ಪಿತ್ತಕೋಶದಲ್ಲಿ ಕಲ್ಲು. ಎರಡು ವರ್ಷ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಕೊನೆಗೊಂದು ರಾತ್ರಿ ಬಲಪಕ್ಕೆಯ ನೋವಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದವರು. ಮಧ್ಯಾಹ್ನ ಮೂರಕ್ಕೆ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದಿದ್ದಾರೆ. ಐದೂವರೆಗೆ ವಾರ್ಡಿಗೆ ಕಳಿಸಿದ್ದಾರೆ. "ವೈಟಲ್ಸ್ ಎಲ್ಲ ಸ್ಟೇಬಲ್. ಡ್ರೈನ್ 30 ಎಂಎಲ್. ಯೂರಿನ್ ಇನ್ನೂ ಪಾಸ್ ಮಾಡಿಲ್ಲ," ಎನ್ನುತ್ತಾರೆ ಹಗಲಿನ ಸಿಸ್ಟರ್. ಹಾಸಿಗೆಯ ಪಕ್ಕ ಮಗ ನಿಂತಿದ್ದಾನೆ, ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಂದು ಬಣ್ಣದ ಏಳೆಂಟು ಕಲ್ಲು. ಓಟಿಯಿಂದ ಕೊಟ್ಟಿದ್ದಾರೆ. ಬಂದ ನೆಂಟರಿಗೆಲ್ಲ ಅಲ್ಲಾಡಿಸಿ ತೋರಿಸಿದ್ದಾನೆ. ಅವನ ಮಟ್ಟಿಗೆ ಕಾಯಿಲೆ ಆ ಡಬ್ಬಿಯೊಳಗೆ ಬಂದು ಮುಗಿದಿದೆ.

ನಿಮ್ಮ ಮಟ್ಟಿಗೆ ಈಗ ಶುರು.

ಸೀರೆಯ ಸೆರಗು ಸರಿಸಿ ಹೊಟ್ಟೆ ನೋಡುತ್ತೀರಿ. ಹೊಕ್ಕುಳ ಬಳಿ ಒಂದು ಪಟ್ಟಿ, ಎದೆಗೂಡಿನ ಕೆಳಗೆ ಒಂದು, ಬಲಪಕ್ಕೆಯಲ್ಲಿ ಎರಡು. ನಾಲ್ಕೂ ಒಣಗಿವೆ. ಪಕ್ಕೆಯ ಒಂದು ತೂತಿನಿಂದ ಡ್ರೈನಿನ ನಳಿಗೆ ಹೊರಬಂದು ಚೀಲಕ್ಕೆ ಇಳಿದಿದೆ. ಬರ್ಲಿನ್ನಿನಲ್ಲಿ 1882ರಲ್ಲಿ ಲ್ಯಾಂಗೆನ್‌ಬುಖ್ ಮೊದಲ ಸಲ ಪಿತ್ತಕೋಶ ತೆಗೆದದ್ದು ಹೊಟ್ಟೆ ತೆರೆದೇ. ಆಮೇಲೆ ನೂರು ವರ್ಷ ಎಲ್ಲರೂ ಹಾಗೆಯೇ ಮಾಡಿದರು. ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದರೆ ರೋಗಿಗೆ ಉಸಿರೆಳೆಯುವುದೇ ಹಿಂಸೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ಸಣ್ಣ ತೂತಿನ ದಾರಿ ತೋರಿಸಿದರು. 1990ರಲ್ಲಿ ಮುಂಬೈಯ ಜೆಜೆ ಆಸ್ಪತ್ರೆಯಲ್ಲಿ ಡಾಕ್ಟರ್ ತೆಹೆಂಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಈಗ ಜಿಲ್ಲಾ ಆಸ್ಪತ್ರೆಯಲ್ಲೂ ನಡೆಯುತ್ತದೆ. ಎರಡು ದಿನಕ್ಕೆ ಮನೆಗೆ ಹೋಗುತ್ತಾರೆ. ಆದರೆ ಗಾಯ ಸಣ್ಣದಾದಷ್ಟೂ ಒಳಗೆ ಏನಾಗುತ್ತಿದೆ ಅನ್ನುವುದು ಹೊರಗಿನವರಿಗೆ ಕಾಣದು. ಈ ನಾಲ್ಕು ಒಣ ಪಟ್ಟಿಗಳು ನಿಮಗೆ ಏನನ್ನೂ ಹೇಳುವುದಿಲ್ಲ. ಅದಕ್ಕೇ ಅಂಗೈಯನ್ನು ಹೊಟ್ಟೆಯ ಮೇಲೆ ಹಗುರವಾಗಿ ಇಟ್ಟು ನೋಡುತ್ತೀರಿ. ಮೆತ್ತಗಿದೆ. ಈ ಮೆತ್ತಗೆ ಎಷ್ಟು ಅನ್ನುವುದನ್ನು ಕೈಗೆ ನೆನಪಿಡಿಸುತ್ತೀರಿ. ಮುಂದಿನ ಸಲ ಹೋಲಿಸಿ ನೋಡಲು ನಿಮಗೆ ಇರುವುದು ಇದೊಂದೇ ಅಳತೆ.

ನಾಡಿ 84. ಬಿಪಿ 124/78. ಉಸಿರು ನಿಮಿಷಕ್ಕೆ 16. ಬರೆದುಕೊಳ್ಳುತ್ತೀರಿ.

ಹತ್ತು ಗಂಟೆಗೆ ಮಗ ಓಡಿ ಬರುತ್ತಾನೆ. ಅಮ್ಮ ಬಲಗೈಯಿಂದ ಹೆಗಲು ತೋರಿಸುತ್ತಿದ್ದಾರೆ. ಮುಖ ಕಿವುಚಿದೆ.

"ಹೆಗಲು ಕಿತ್ಕೊಂಡು ಹೋಯ್ತಾ ಐತೆ ಸಿಸ್ಟರಮ್ಮ. ಹೊಟ್ಟೆ ಕುಯ್ದ್ರೆ ಹೆಗಲ್ಯಾಕೆ ನೋಯ್ತದೆ?"

ಹೊಟ್ಟೆಯೊಳಗೆ ಕ್ಯಾಮೆರಾ ಆಡಲು ಜಾಗ ಬೇಕು. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಊದಿ ಉಬ್ಬಿಸಿರುತ್ತಾರೆ. ಮುಗಿದ ಮೇಲೆ ಹೊರಬಿಟ್ಟರೂ ಒಂದಿಷ್ಟು ಒಳಗೇ ಉಳಿದು, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಕೆಳಗೆ ಸೇರುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಹೆಗಲಿನ ನರ ಹೊರಡುವ ಕಡೆಯಿಂದಲೇ. ಹಾಗಾಗಿ ವಪೆಗೆ ಆದ ಕಿರಿಕಿರಿ ಹೆಗಲಿನಲ್ಲಿ ನೋಯುತ್ತದೆ. "ಒಳಗೆ ತುಂಬಿದ ಗ್ಯಾಸು ಸ್ವಲ್ಪ ಉಳಿದಿರುತ್ತೆ ಅಮ್ಮ. ಅದು ಮೇಲಕ್ಕೆ ಬಂದು ಒತ್ತುತ್ತೆ. ಒಂದೆರಡು ದಿನದಲ್ಲಿ ಹೋಗುತ್ತೆ," ಎನ್ನುತ್ತೀರಿ. ತಲೆಯ ಕಡೆ ಹಾಸಿಗೆ ಎತ್ತರಿಸುತ್ತೀರಿ. ದಿಂಬನ್ನು ಹೊಟ್ಟೆಗೆ ಅವುಚಿ ಹಿಡಿಸಿ, ಮೂಗಿನಿಂದ ಆಳವಾಗಿ ಉಸಿರೆಳೆಸಿ ಒಂದು ಸಲ ಕೆಮ್ಮಿಸುತ್ತೀರಿ. ಕೆಮ್ಮದಿದ್ದರೆ ಕಫ ಕಟ್ಟಿ ನಾಳೆ ಜ್ವರ ಬರಬಹುದು. ಕೆಮ್ಮಲು ಅವರಿಗೆ ಹೆದರಿಕೆ, ಹೊಲಿಗೆ ಬಿಟ್ಟೀತೆಂದು. ನಿಮ್ಮ ಕೈ ದಿಂಬಿನ ಮೇಲಿದೆ. ಅವರ ಕೈ ನಿಮ್ಮ ಕೈಯ ಮೇಲಿದೆ. ಕೆಮ್ಮುತ್ತಾರೆ.

ನಾಡಿ 90. ಬಿಪಿ 122/80. ನೋವಿಗೆ ಆರು ಏರಿದೆ, ಸಹಜ. ಕೇಸ್ ಶೀಟಿನಲ್ಲಿ ಬರೆದಿರುವ ಪ್ಯಾರಾಸಿಟಮಾಲ್ ಡ್ರಿಪ್ ಏರಿಸಿ ಮುಂದಕ್ಕೆ ಹೋಗುತ್ತೀರಿ. ಹತ್ತೊಂಬತ್ತನೇ ಬೆಡ್‌ನ ಅಜ್ಜ ಟ್ಯೂಬ್ ಕಿತ್ತುಕೊಂಡಿದ್ದಾನೆ. ಇಪ್ಪತ್ತೆರಡರಲ್ಲಿ ಡ್ರಿಪ್ ಹಾಕಿದ ಕೈ ಊದಿದೆ. ಹೊರಗೆ ನಾಯಿಗಳು ಊಳಿಡುತ್ತಿವೆ. ನಿಮ್ಮ ಮೀನಖಂಡ ಆಗಲೇ ಬಿಗಿಯುತ್ತಿದೆ. ಇನ್ನೂ ರಾತ್ರಿಯ ಕಾಲು ಭಾಗವೂ ಕಳೆದಿಲ್ಲ.

ಹನ್ನೆರಡು. ಮತ್ತೆ ಏಳನೇ ಬೆಡ್. ಈಗ ಅವರು ಹೆಗಲಿನ ಮಾತೆತ್ತುವುದಿಲ್ಲ. ನೀರು ಕೇಳುತ್ತಾರೆ. ಒಂದು ಗುಟುಕು ಕೊಟ್ಟರೆ ಇನ್ನೊಂದು ಕೇಳುತ್ತಾರೆ. ತುಟಿ ಒಣಗಿದೆ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಅವರ ನಾದಿನಿ ಎಳನೀರು ಕೆತ್ತಿಸಿಕೊಂಡು ತಂದಿಟ್ಟಿದ್ದಾರೆ. "ಎಳ್ನೀರು ತಂಪು ಕಣವ್ವ, ಒಂದ್ ಲೋಟ ಕುಡಿಸ್ಲಾ?" ಎಂದು ಕಣ್ಣಲ್ಲೇ ಬೇಡುತ್ತಾರೆ.

ನಾಡಿ 98. ಬಿಪಿ 118/82. ಡ್ರೈನ್ ಚೀಲದಲ್ಲಿ 40 ಎಂಎಲ್. ಕೊಡಬಹುದು. ಆಪರೇಷನ್ ಆಗಿ ಇಷ್ಟು ಹೊತ್ತಿಗೆ ಎಳನೀರು ಕೊಡುವುದು ವಾಡಿಕೆ. ಯಾವ ಡಾಕ್ಟರೂ ಬೈಯುವುದಿಲ್ಲ. ಆದರೆ ನಿಮ್ಮ ಪೆನ್ನು ಚಾರ್ಟಿನ ಮೇಲೆ ನಿಂತಿದೆ. 84, 90, 98. ಮೇಲಿನ ಬಿಪಿ ಇಳಿದಿದೆ, ಕೆಳಗಿನದು ಏರಿದೆ. ಒಂದೊಂದನ್ನೇ ನೋಡಿದರೆ ಯಾವುದೂ ತಪ್ಪಿಲ್ಲ. ಮೂರನ್ನೂ ಸಾಲಾಗಿ ನೋಡಿದರೆ ಅವು ಒಂದೇ ದಿಕ್ಕಿಗೆ ನಡೆಯುತ್ತಿವೆ.

"ಸ್ವಲ್ಪ ತಡೀರಿ ಅಮ್ಮ," ಎನ್ನುತ್ತೀರಿ ನಾದಿನಿಗೆ. "ಬಾಯಿ ಒದ್ದೆ ಮಾಡಿ ಸಾಕು." ಹತ್ತಿ ಅದ್ದಿ ತುಟಿ ಒರೆಸಲು ತೋರಿಸಿಕೊಡುತ್ತೀರಿ. ಅವರ ಮುಖ ಸಣ್ಣದಾಗುತ್ತದೆ. ಬಾಯಾರಿದವರಿಗೆ ನೀರು ಬೇಡ ಅನ್ನುವುದು ಸುಲಭದ ಮಾತಲ್ಲ. ಆ ನೋಟ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ.

ಒಂದು ಗಂಟೆಗೆ ಬರಬೇಕಾದವರು ಹನ್ನೆರಡೂ ಮುಕ್ಕಾಲಿಗೇ ಬರುತ್ತೀರಿ. ಕೈ ಹಿಡಿಯುತ್ತೀರಿ. ತಣ್ಣಗಿದೆ. ಫ್ಯಾನ್ ಗಾಳಿಗೆ ಇರಬಹುದು. ಹಣೆ ಮುಟ್ಟುತ್ತೀರಿ, ಬೆವರು. ಫ್ಯಾನ್ ಗಾಳಿಗೆ ಬೆವರು ಬರುವುದಿಲ್ಲ. ಬೆರಳ ತುದಿಯ ಉಗುರನ್ನು ಒತ್ತಿ ಬಿಡುತ್ತೀರಿ. ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಒಂದು, ಎರಡು, ಮೂರು. ಈಗ ಕೆಂಪಾಯಿತು. ನಾಡಿ 112. ಬಿಪಿ 112/86. ಉಸಿರು 24. ಬೆಡ್‌ಪ್ಯಾನ್ ಕೊಟ್ಟರೆ ಒಂದಿಷ್ಟೇ ಇಷ್ಟು, ಗಾಢ ಬಣ್ಣದ ಮೂತ್ರ. ಅವರು ಕಾಲು ಮಡಚುತ್ತಾರೆ, ಚಾಚುತ್ತಾರೆ, ಮತ್ತೆ ಮಡಚುತ್ತಾರೆ. "ಏನೋ ಒಂಥರ ಆಯ್ತಾ ಐತೆ," ಎನ್ನುತ್ತಾರೆ. ನೋವು ಎನ್ನುವುದಿಲ್ಲ. ಒಂಥರ ಎನ್ನುತ್ತಾರೆ. ನಿಮ್ಮ ಎದೆ ಬಡಿದುಕೊಳ್ಳಲು ಶುರುವಾಗುವುದು ಆ ಮಾತಿಗೆ.

ಅಂಗೈ ಹೊಟ್ಟೆಯ ಮೇಲೆ. ಎಂಟು ಗಂಟೆಯ ಮೆತ್ತನೆ ಈಗಿಲ್ಲ. ಬಿಗಿದಿದೆ, ಉಬ್ಬಿದೆ.

ಡ್ರೈನ್ ಚೀಲ ನೋಡುತ್ತೀರಿ. ಇನ್ನೂ 40 ಎಂಎಲ್. ಹನ್ನೆರಡರಿಂದ ಒಂದು ಹನಿಯೂ ಹೆಚ್ಚಿಲ್ಲ. ಒಂದು ಕ್ಷಣ ನೆಮ್ಮದಿ ಆಸೆ ತೋರಿಸುತ್ತದೆ: ರಕ್ತ ಹೋಗುತ್ತಿದ್ದರೆ ಚೀಲ ತುಂಬಬೇಕಿತ್ತಲ್ಲ? ಟಾರ್ಚು ಹಾಕಿ ನಳಿಗೆಯ ಉದ್ದಕ್ಕೂ ನೋಡುತ್ತೀರಿ. ಪಕ್ಕೆಯ ಹತ್ತಿರ ಕಪ್ಪಗೆ ಹೆಪ್ಪುಗಟ್ಟಿದ ರಕ್ತ, ಬೆರಳುದ್ದ. ನಳಿಗೆ ಕಟ್ಟಿದೆ. ಚೀಲ ತುಂಬದಿರುವುದಕ್ಕೆ ಕಾರಣ ಅದು.

ಈಗ ನಿಮ್ಮ ಮುಂದೆ ಎರಡು ದಾರಿ. ಕೇಸ್ ಶೀಟಿನಲ್ಲಿ, ನೋವಿದ್ದರೆ ಟ್ರಮಡಾಲ್ ಕೊಡಿ ಎಂದು ಬರೆದಿದೆ. ಕೊಟ್ಟರೆ ಅವರು ಕಣ್ಣು ಮುಚ್ಚುತ್ತಾರೆ, ಚಡಪಡಿಕೆ ನಿಲ್ಲುತ್ತದೆ, ಮಗ ಮಲಗುತ್ತಾನೆ, ವಾರ್ಡು ಶಾಂತವಾಗುತ್ತದೆ. ನೀವು ಬರೆದದ್ದನ್ನೇ ಪಾಲಿಸಿದವರು, ನಿಮ್ಮನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ದಾರಿ ಫೋನ್. ಬಿಪಿ 112 ಇರುವ ರೋಗಿಗಾಗಿ ನಡುರಾತ್ರಿ ಡಾಕ್ಟರನ್ನು ಎಬ್ಬಿಸುವುದು. ಏನೂ ಇಲ್ಲವೆಂದು ಗೊತ್ತಾದರೆ ನಾಳೆ ರೌಂಡ್ಸಿನಲ್ಲಿ ಎಲ್ಲರ ಮುಂದೆ ಆ ಮಾತು ಕೇಳಿಸಿಕೊಳ್ಳಬೇಕು.

ಬಿಪಿ 112. ಆ ಅಂಕಿಯನ್ನು ನಂಬಲು ಮನಸ್ಸು ಹಾತೊರೆಯುತ್ತದೆ. ಆದರೆ ಅದು ನಿಂತಿರುವುದು ಹೇಗೆ ಎಂದು ನಿಮಗೆ ಗೊತ್ತು. ರಕ್ತ ಕಡಿಮೆಯಾದಾಗ ಹೃದಯ ವೇಗ ಹೆಚ್ಚಿಸುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಇದ್ದಷ್ಟು ರಕ್ತ ಮಿದುಳಿಗೂ ಹೃದಯಕ್ಕೂ ಹೋಗುತ್ತದೆ. ಬಾವಿಯ ನೀರು ತಳ ಕಾಣುವವರೆಗೂ ಪಂಪಿನ ಕೊಳವೆಯಲ್ಲಿ ನೀರು ಬರುತ್ತಲೇ ಇರುವ ಹಾಗೆ. ದೇಹದ ರಕ್ತದಲ್ಲಿ ನೂರಕ್ಕೆ 30ರಷ್ಟು ಹೋಗುವವರೆಗೂ ಬಿಪಿ ಹೆಚ್ಚುಕಡಿಮೆ ಹಿಡಿದುಕೊಂಡೇ ಇರಬಹುದು. ಆಮೇಲೆ ಒಂದೇ ಏಟಿಗೆ ಕುಸಿಯುತ್ತದೆ. ಅಲ್ಲಿಯವರೆಗೆ ಕಾಯುವ ನರ್ಸಿಗೆ ಆಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಫೋನ್ ಎತ್ತುತ್ತೀರಿ.

"ಹೊಟ್ಟೆನೋವು ಅಂತಿದ್ದಾರೆ ಸರ್" ಎಂದು ಶುರು ಮಾಡಿದರೆ ನೋವಿನ ಇಂಜೆಕ್ಷನ್ ಹೇಳಿ ಫೋನ್ ಇಡುತ್ತಾರೆ. ಹಾಗೆ ಶುರು ಮಾಡುವುದಿಲ್ಲ. "ಸರ್, ಏಳನೇ ಬೆಡ್, ಇವತ್ತು ಮಧ್ಯಾಹ್ನ ಗಾಲ್‌ಬ್ಲಾಡರ್ ಆಪರೇಷನ್ ಆದವರು. ಎಂಟು ಗಂಟೆಗೆ ಪಲ್ಸ್ 84 ಇತ್ತು, ಈಗ 112. ಬಿಪಿ 124ರಿಂದ 112ಕ್ಕೆ ಬಂದಿದೆ. ಕೈಕಾಲು ತಣ್ಣಗಿದೆ, ಬೆವರ್ತಿದ್ದಾರೆ, ಯೂರಿನ್ ಕಡಿಮೆ, ಹೊಟ್ಟೆ ಬಿಗಿ ಆಗಿದೆ. ಡ್ರೈನ್ ಕ್ಲಾಟ್ ಆಗಿ ಬ್ಲಾಕ್ ಆಗಿದೆ. ಒಳಗೆ ಬ್ಲೀಡ್ ಆಗ್ತಿದೆ ಅಂತ ನನಗನ್ನಿಸ್ತಿದೆ."

ಆಚೆ ಕಡೆ ನಿದ್ದೆಯ ಮೌನ. "ಬಿಪಿ ಚೆನ್ನಾಗೇ ಇದೆಯಲ್ಲ ಸಿಸ್ಟರ್. ಟ್ರಮಡಾಲ್ ಕೊಡಿ, ಒಂದು ಗಂಟೆ ಬಿಟ್ಟು ನೋಡೋಣ."

ಬಾಯಿ ಒಣಗುತ್ತದೆ. ಮೊಣಕಾಲು ಸಡಿಲವಾಗುತ್ತದೆ. ಸರಿ ಸರ್ ಅನ್ನುವುದು ನಾಲಿಗೆಯ ತುದಿಯಲ್ಲೇ ಇದೆ. ವರ್ಷಗಟ್ಟಲೆ ಅದನ್ನೇ ಅಂದು ರೂಢಿಯಾದ ನಾಲಿಗೆ. ಅದನ್ನು ನುಂಗಿಕೊಳ್ಳುತ್ತೀರಿ. "ಇಲ್ಲ ಸರ್. ಒಂದು ಗಂಟೆ ಕಾಯೋ ಹಾಗಿಲ್ಲ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ಇನ್ನೊಂದು ಲೈನ್ ಹಾಕಿ ಕ್ರಾಸ್‌ಮ್ಯಾಚ್‌ಗೆ ರಕ್ತ ತೆಗೀತೀನಿ."

ಎರಡು ಸೆಕೆಂಡು.

"ಬಂದೆ."

ಈಗ ಕಾಲುಗಳಿಗೆ ನೋವಿಲ್ಲ. ಆಯಾ ಆಕ್ಸಿಜನ್ ಉರುಳಿಸಿಕೊಂಡು ಬರುತ್ತಾಳೆ, ಸಿಲಿಂಡರಿನ ಚಕ್ರ ಕಿರುಗುಟ್ಟುತ್ತದೆ. ಮಾಸ್ಕ್ ಮುಖಕ್ಕೆ. ಹಾಸಿಗೆಯ ತಲೆ ಕೆಳಕ್ಕೆ, ಕಾಲು ಮೇಲಕ್ಕೆ. ಎಡಗೈಗೆ ಟೂರ್ನಿಕೆಟ್. ರಕ್ತನಾಳ ಸಿಗುವುದಿಲ್ಲ. ತಣ್ಣನೆ ಕೈಯಲ್ಲಿ ರಕ್ತನಾಳಗಳೆಲ್ಲ ಒಳಕ್ಕೆ ಸೇರಿಕೊಂಡಿವೆ. ಕೊಬ್ಬರಿ ಸುಲಿದು ಗಟ್ಟಿಯಾದ ಚರ್ಮ. ತಟ್ಟುತ್ತೀರಿ. ಉಜ್ಜುತ್ತೀರಿ. ಬೆರಳ ತುದಿಗೆ ಏನೋ ತಾಕಿತು. ಚುಚ್ಚುತ್ತೀರಿ. ಇಲ್ಲ. ಮಗ "ಏನಾಯ್ತು ಸಿಸ್ಟರ್, ಏನಾಯ್ತು" ಎಂದು ನಿಮ್ಮ ಹಿಂದೆಯೇ. ಉತ್ತರಿಸುವುದಿಲ್ಲ. ಇನ್ನೊಂದು ಸಲ, ಮೊಣಕೈಯ ಮಡಿಕೆಯಲ್ಲಿ. ಸೂಜಿಯ ಹಿಂಬದಿಯಲ್ಲಿ ರಕ್ತ ಚಿಮ್ಮಿತು. ಸಿಕ್ಕಿತು. ಮೊದಲು ಸ್ಯಾಂಪಲ್, ಆಮೇಲೆ ರಿಂಗರ್ ಲ್ಯಾಕ್ಟೇಟ್, ಪೂರ್ತಿ ಬಿಟ್ಟು. ಸ್ಯಾಂಪಲ್ ಬಾಟಲಿಯ ಮೇಲೆ ಹೆಸರು, ನಂಬರು ಹಾಸಿಗೆಯ ಪಕ್ಕದಲ್ಲೇ ನಿಂತು ಬರೆಯುತ್ತೀರಿ. ಎಷ್ಟೇ ಅವಸರವಿದ್ದರೂ ಟೇಬಲ್ಲಿಗೆ ಹೋಗಿ ಬರೆಯುವುದಿಲ್ಲ. ಹೆಸರು ಬದಲಾದರೆ ತಪ್ಪು ಗುಂಪಿನ ರಕ್ತ ಬರುತ್ತದೆ, ಅದೂ ಕೊಲ್ಲುತ್ತದೆ. ಮಗನ ಕೈಗೆ ಚೀಟಿ ಮತ್ತು ಸ್ಯಾಂಪಲ್. "ರಕ್ತನಿಧಿ ಕೆಳಗಡೆ, ಎಡಗಡೆ ಕೊನೇಲಿ. ಓಡಿ." ಕಲ್ಲಿನ ಡಬ್ಬಿ ಅವನ ಜೇಬಿನಲ್ಲಿ ಗಡಗಡ ಸದ್ದು ಮಾಡುತ್ತ ಹೋಗುತ್ತದೆ.

ನಾಡಿ 126. ಬಿಪಿ 98/74.

"ಅಮ್ಮ, ಕಣ್ಬಿಡಿ. ನನ್ನ ನೋಡಿ."

"ಸತ್ತೋಗ್ತೀನಾ ಕಣವ್ವ?"

ಇಲ್ಲ ಎನ್ನಲು ನಿಮಗೆ ಅಧಿಕಾರವಿಲ್ಲ. ಆದರೆ ಆ ಕೈಯನ್ನು ಬಿಡದೆ ಹಿಡಿಯುವ ಅಧಿಕಾರ ಪೂರ್ತಿ ನಿಮ್ಮದು. "ಡಾಕ್ಟ್ರು ಬರ್ತಿದ್ದಾರೆ. ನಾನಿಲ್ಲೇ ಇದ್ದೀನಿ. ಉಸಿರು ಎಳ್ಕೊಳ್ಳಿ."

ಚಪ್ಪಲಿ ಸದ್ದು ಮೆಟ್ಟಿಲೇರಿ ಬರುತ್ತದೆ. ಡ್ಯೂಟಿ ಡಾಕ್ಟರ್ ಹೊಟ್ಟೆ ಮುಟ್ಟುತ್ತಾರೆ, ನಿಮ್ಮ ಚಾರ್ಟ್ ನೋಡುತ್ತಾರೆ, ನಿಂತಲ್ಲೇ ಸರ್ಜನ್‌ಗೆ ಫೋನ್ ಮಾಡುತ್ತಾರೆ. "ಕೊನೇಲಿ ಬಾಯಿಗೆ ಏನು ಕೊಟ್ಟಿದ್ದೀರಿ?" ಅರಿವಳಿಕೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಅದೇ. "ಹನ್ನೆರಡಕ್ಕೆ ಎರಡು ಗುಟುಕು ನೀರು ಸರ್, ಅಷ್ಟೇ." ಹೊಟ್ಟೆ ತುಂಬಿದವರಿಗೆ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಎಳನೀರು ಸ್ಟೂಲಿನ ಮೇಲೆ ಹಾಗೇ ಇದೆ. ಎರಡು ಗಂಟೆಗೆ ಟ್ರಾಲಿ ಓಟಿಯೊಳಗೆ ಹೋಗುತ್ತದೆ. ಬಾಗಿಲು ಮುಚ್ಚುತ್ತದೆ.

ನೀವು ಅಲ್ಲಿ ನಿಲ್ಲುವ ಹಾಗಿಲ್ಲ. ಹಿಂದೆ ಇಪ್ಪತ್ತೊಂಬತ್ತು ಜನ ಇದ್ದಾರೆ. ಡ್ರಿಪ್ ಬದಲಾಯಿಸುವಾಗ, ಜ್ವರ ನೋಡುವಾಗ, ಅಜ್ಜನ ಟ್ಯೂಬ್ ಮತ್ತೆ ಅಂಟಿಸುವಾಗ ಕಿವಿ ಮಾತ್ರ ಫೋನಿನ ಮೇಲೆ. ನಾದಿನಿ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿ ಕೂತಿದ್ದಾರೆ. ನಾಲ್ಕೂವರೆಗೆ ಫೋನ್ ಬರುತ್ತದೆ. ಪಿತ್ತಕೋಶದ ಅಪಧಮನಿಗೆ ಹಾಕಿದ್ದ ಕ್ಲಿಪ್ ಜಾರಿತ್ತು. ಹೊಟ್ಟೆಯಲ್ಲಿ ಒಂದು ಲೀಟರಿಗೂ ಮೇಲೆ ರಕ್ತ. ನಿಲ್ಲಿಸಿದ್ದಾರೆ. ಎರಡು ಚೀಲ ರಕ್ತ ಹೋಗಿದೆ, ಬಿಪಿ ಹಿಡಿದಿದೆ, ಐಸಿಯುಗೆ ಹೋಗುತ್ತಾರೆ. "ಒಂದು ಗಂಟೆ ಬಿಟ್ಟಿದ್ದರೆ ಕಷ್ಟ ಇತ್ತು ಸಿಸ್ಟರ್," ಎನ್ನುತ್ತಾರೆ ಡಾಕ್ಟರ್. ಬೆಂಚಿನ ಹತ್ತಿರ ಹೋಗಿ ನಾದಿನಿಗೆ ಹೇಳುತ್ತೀರಿ. ಅವರು ನಿಮ್ಮ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ. ಆಗ ಗೊತ್ತಾಗುತ್ತದೆ, ನಿಮ್ಮ ಕೈ ನಡುಗುತ್ತಿದೆ.

ನಡುಗುವ ಕೈಯಲ್ಲೇ ಆರು ಗಂಟೆಗೆ ಹನ್ನೆರಡನೇ ಬೆಡ್ ಮುಂದೆ ನಿಲ್ಲುತ್ತೀರಿ. ಇಪ್ಪತ್ತೇಳರ ಹುಡುಗಿ, ಅದೇ ಕಲ್ಲು, ಅದೇ ಆಪರೇಷನ್, ಒಂಬತ್ತಕ್ಕೆ ಮೊದಲ ಕೇಸು. ಬಳೆ, ಮೂಗುತಿ, ಕಾಲುಂಗುರ ತೆಗೆಸಬೇಕು. ಓಟಿಯಲ್ಲಿ ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಅಲ್ಲಿ ಸುಡುವ ಅಪಾಯ. ಉಗುರು ಬಣ್ಣ ಅಳಿಸಬೇಕು, ಬೆರಳಿನ ಯಂತ್ರ ಆಕ್ಸಿಜನ್ ಸರಿಯಾಗಿ ಓದಲಿ ಎಂದು. ತಾಳಿಯ ಮೇಲೆ ಅವಳ ಅತ್ತೆ ಕೈ ಇಡುತ್ತಾರೆ. ನೀವು ವಾದಿಸುವುದಿಲ್ಲ. ಅರಿಸಿನದ ಕೊಂಬು ಕಟ್ಟಿದ ದಾರವೊಂದನ್ನು ಅತ್ತೆಯ ಕೈಯಿಂದಲೇ ಕಟ್ಟಿಸಿ, ಚಿನ್ನದ ಸರವನ್ನು ಎಣಿಸಿ, ಬರೆದು, ಸಹಿ ಹಾಕಿಸಿಕೊಂಡು ಅವರಿಗೇ ಒಪ್ಪಿಸುತ್ತೀರಿ.

"ರಾತ್ರಿಯಿಂದ ಏನೂ ತಗೊಂಡಿಲ್ಲ ತಾನೇ?"

ಹುಡುಗಿ ಅತ್ತೆಯ ಮುಖ ನೋಡುತ್ತಾಳೆ. "ಐದೂವರೆಗೆ ಒಂದ್ ಲೋಟ ಕಾಫಿ ಕುಡಿದೆ ಅಕ್ಕ. ತಲೆನೋವು ತಡಿಯಕ್ಕಾಗ್ಲಿಲ್ಲ. ಯಾರಿಗೂ ಹೇಳ್ಬೇಡಿ. ಇವತ್ತು ಬಿಟ್ರೆ ಮುಂದಿನ ವಾರ ಅಂತಾರೆ, ಇವ್ರಿಗೆ ರಜ ಸಿಗಲ್ಲ."

ಅವಳ ಕಣ್ಣಿನಲ್ಲಿ ನೀರು. ಹಾಲು ಹಾಕಿದ ಕಾಫಿ ಹೊಟ್ಟೆಯಲ್ಲಿ ಊಟದ ಲೆಕ್ಕವೇ, ಆರು ಗಂಟೆ ಬಿಡಬೇಕು. ಹಾಲಿಲ್ಲದ ಕಾಫಿಯೋ ನೀರೋ ಆಗಿದ್ದರೆ ಎರಡು ಗಂಟೆ ಸಾಕಿತ್ತು. ಮುಚ್ಚಿಟ್ಟರೆ ಅವಳು ಇವತ್ತೇ ನಿಮ್ಮನ್ನು ಹರಸುತ್ತಾಳೆ. ಆದರೆ ಅರಿವಳಿಕೆ ಡಾಕ್ಟರ್ ರಾತ್ರಿ ಕೇಳಿದ ಪ್ರಶ್ನೆ ನಿಮ್ಮ ಕಿವಿಯಲ್ಲಿ ಇನ್ನೂ ಇದೆ. "ಹೇಳಲೇಬೇಕಮ್ಮ. ಹೇಳಿದ್ದು ಒಳ್ಳೇದಾಯ್ತು. ಮುಂದಿನ ವಾರಕ್ಕೆ ಹಾಕದ ಹಾಗೆ ನಾನೇ ಕೇಳ್ತೀನಿ." ಓಟಿಗೆ ಫೋನ್ ಮಾಡುತ್ತೀರಿ. ಮೊದಲ ಕೇಸು ಮಧ್ಯಾಹ್ನದ ಕೊನೆಯ ಕೇಸಾಗುತ್ತದೆ.

ನಾಲ್ಕನೇ ಬೆಡ್‌ನವರು ಇವತ್ತು ಮನೆಗೆ. ಪಿತ್ತಕೋಶವಿಲ್ಲದೆ ಊಟ ಹೇಗೆ ಅರಗುತ್ತದೆ ಎಂಬ ದಿಗಿಲು ಅವರಿಗೆ. ಪಿತ್ತ ತಯಾರಾಗುವುದು ಯಕೃತ್ತಿನಲ್ಲಿ, ತೆಗೆದದ್ದು ಅದನ್ನು ಕೂಡಿಡುವ ಚೀಲ ಮಾತ್ರ ಎಂದು ಹೇಳುತ್ತೀರಿ. ಇನ್ನು ಪಿತ್ತ ನೇರ ಕರುಳಿಗೆ ಹರಿಯುತ್ತದೆ, ಒಂದಿಷ್ಟು ವಾರ ಬೋಂಡ, ತುಪ್ಪ, ಕೊಬ್ಬಿನ ಮಾಂಸ ಕಡಿಮೆ ಮಾಡಿ, ಕೊಡಪಾನ ಎತ್ತಬೇಡಿ, ದಿನಾ ನಡೆಯಿರಿ. ಕೊನೆಯ ಮಾತನ್ನು ಮಾತ್ರ ಎರಡು ಸಲ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುತ್ತೀರಿ: ಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಗಾಢವಾಗಿ ಮಲ ಬಿಳಿಚಿಕೊಂಡರೆ, ಹೊಟ್ಟೆನೋವು ಹೆಚ್ಚುತ್ತ ಹೋದರೆ ಆ ದಿನವೇ ಬರಬೇಕು. ಪಿತ್ತ ಒಳಗೆ ಸೋರಿದರೆ ಅಥವಾ ನಾಳದಲ್ಲಿ ಕಲ್ಲು ಉಳಿದಿದ್ದರೆ ಅದು ಗೊತ್ತಾಗುವುದು ಹೆಚ್ಚಾಗಿ ಮನೆಗೆ ಹೋದ ಮೇಲೆ, ಯಾವ ನರ್ಸೂ ಪಕ್ಕದಲ್ಲಿ ಇಲ್ಲದಾಗ. ನಿಮ್ಮ ಕಣ್ಣನ್ನು ಅವರಿಗೆ ಕೊಟ್ಟು ಕಳಿಸಬೇಕು.

ಎಂಟು ಗಂಟೆ. ಹಗಲಿನ ಸಿಸ್ಟರ್ ಬಂದಿದ್ದಾರೆ, ಹೊಸದಾಗಿ ಸೇರಿದ ಹುಡುಗಿಯೂ ಜೊತೆಗಿದ್ದಾಳೆ. ಒಂದೊಂದೇ ಹಾಸಿಗೆ ಒಪ್ಪಿಸುತ್ತ ಬರುತ್ತೀರಿ. ಏಳನೇ ಬೆಡ್ ಖಾಲಿ, ರೋಗಿ ಐಸಿಯುನಲ್ಲಿ, ನಾಡಿ 92. ಹೊಸ ಹುಡುಗಿ ಚಾರ್ಟನ್ನು ಕೈಗೆತ್ತಿಕೊಂಡು ಹನ್ನೆರಡೂ ಮುಕ್ಕಾಲರ ಅಂಕಿಯ ಮೇಲೆ ಬೆರಳಿಡುತ್ತಾಳೆ. "ಬಿಪಿ 112 ಇದ್ದಾಗಲೇ ಹೇಗೆ ಗೊತ್ತಾಯ್ತು ಅಕ್ಕ?"

ಮೈ ನಿದ್ದೆಗೆ ಬೇಡುತ್ತಿದೆ, ಆದರೂ ಈ ಪ್ರಶ್ನೆಗೆ ನಿಂತು ಉತ್ತರಿಸುತ್ತೀರಿ. ಯಾಕೆಂದರೆ ಹನ್ನೆರಡನೇ ಬೆಡ್‌ನ ಹುಡುಗಿ ಸಂಜೆ ಇವಳ ಕೈಗೇ ಬರುತ್ತಾಳೆ.

"ಒಂದು ಅಂಕಿ ನೋಡಿ ಸಮಾಧಾನ ಪಟ್ಕೋಬೇಡ. ಹಿಂದಿನ ಗಂಟೇದರ ಪಕ್ಕ ಇಟ್ಟು ನೋಡು. ಡ್ರೈನ್ ಚೀಲ ಖಾಲಿ ಇದ್ರೆ ನಳಿಗೆ ಕಟ್ಟಿದೆಯಾ ನೋಡು. ಕೈ ಮುಟ್ಟು, ಹೊಟ್ಟೆ ಮುಟ್ಟು. ಅನುಮಾನ ಬಂದ್ರೆ ಫೋನ್ ಮಾಡು. ಅವರು ಆಮೇಲೆ ನೋಡೋಣ ಅಂದ್ರೆ ಇನ್ನೊಂದ್ಸಲ ಹೇಳು. ಬೈಸ್ಕೊಂಡ್ರೂ ಪರವಾಗಿಲ್ಲ."